ಬೆಳಿಗ್ಗೆ ಎರಡು ಚಮಚ ತೆಂಗಿನೆಣ್ಣೆ

ಬಾಣಲೆಯಿಂದ ಎತ್ತಿದ ಮೊದಲ ತುಂಡನ್ನು ತಾನು ಕಚ್ಚಿ ನೋಡದೆ ತುಮಿರಾ ಯಾರಿಗೂ ಏನನ್ನೂ ಮಾರಿದವಳಲ್ಲ. ಹದಿನೆಂಟು ವರ್ಷದಿಂದ ಇದೇ ಪದ್ಧತಿ. ಪ್ರತಿ ಒಬ್ಬೆಗೂ ಹುದುಗಿಸಿದ ಸೋಯಾ ಕಾಳಿನ ಒಂದು ಟೆಂಪೆ ಬಿಲ್ಲೆ, ಇಲ್ಲವೇ ಒಂದು ಎಲೆಕೋಸಿನ ಬೋಂಡ, ಇಲ್ಲವೇ ಅರ್ಧ ಬಾಳೆಹಣ್ಣಿನ ಬಜ್ಜಿ. ಉಪ್ಪು ಸರಿಯಿದೆಯೇ, ಒಳಗೆ ಬೆಂದಿದೆಯೇ ಎಂದು ನೋಡುವ ನೆಪ. ನೆಪ ಎಂದದ್ದು ಯಾಕೆಂದರೆ, ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ಕಲಸಲು ಕೂತ ಹೆಂಗಸಿಗೆ ಬೇರೆ ತಿಂಡಿ ಯಾರು ಮಾಡಿಕೊಡುತ್ತಾರೆ? ಸಂಜೆ ಮಾರಾಟವಾಗದೆ ಉಳಿದದ್ದೇ ಅನ್ನಕ್ಕೆ ನಂಚಿಕೊಳ್ಳಲು. ನಡುನಡುವೆ ಗಾಜಿನ ಲೋಟದ ತುಂಬ ಸಿಹಿ ಚಹಾ, ದಿನಕ್ಕೆ ಐದಾರು ಸಲ.

ಎಣ್ಣೆಯನ್ನಂತೂ ಆಕೆ ಪೂರ್ತಿ ಚೆಲ್ಲಿದ್ದೇ ಇಲ್ಲ. ಸಂಜೆ ಬಾಣಲೆಯಲ್ಲಿ ಉಳಿದ ತಾಳೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ಹಾಕಿಡುವುದು, ಮರುದಿನ ಅದಕ್ಕೇ ಹೊಸದನ್ನು ಬೆರೆಸುವುದು. ಬರೀ ಹೊಸ ಎಣ್ಣೆಯಲ್ಲಿ ಕರಿದರೆ ಟೆಂಪೆ ಬಿಳಿಚಿಕೊಳ್ಳುತ್ತದೆ, ಗಿರಾಕಿ ಮೂಗು ಮುರಿಯುತ್ತಾನೆ. ವಾತೆಸ್ ಮಾರುಕಟ್ಟೆಯ ಮೂಲೆಯಲ್ಲಿ ಕರಿಯುವವರೆಲ್ಲ ಮಾಡುವುದು ಹೀಗೆಯೇ. ಇದನ್ನು ತಪ್ಪು ಎನ್ನುವವರು ಒಮ್ಮೆ ಆ ಬೆಂಕಿಯ ಮುಂದೆ ಹತ್ತು ತಾಸು ನಿಂತು ಆಮೇಲೆ ಮಾತಾಡಲಿ.

ಬಾಣಲೆಯನ್ನು ಆಕೆಯ ಕೈಗೆ ಕೊಟ್ಟವಳು ಅತ್ತೆ ಸಮಿಂತೆನ್. ತುಮಿರಾಳ ಗಂಡ ತೆಂಗಿನ ಮರ ಹತ್ತಿ ಹೊಂಬಾಳೆಯಿಂದ ರಸ ಇಳಿಸುವವನು; ದಿನಕ್ಕೆ ಎರಡು ಸಲ ಇಪ್ಪತ್ತೈದು ಮರ. ಒಂದು ಬೆಳಿಗ್ಗೆ ಮರ ಜಾರುತ್ತಿತ್ತು. ಕೆಳಗೆ ಬಂದವನು ಮತ್ತೆ ಏಳಲಿಲ್ಲ. ಆಗ ತುಮಿರಾಳಿಗೆ ಇಪ್ಪತ್ನಾಲ್ಕು, ಮಗಳು ಲಾಸ್ತ್ರಿಗೆ ಐದು. ವಾರ ಕಳೆದ ಮೇಲೆ ಅತ್ತೆ ತನ್ನ ಅಡುಗೆಮನೆಯ ಬಾಣಲೆ ಹೊತ್ತು ತಂದು ಸೊಸೆಯ ಮುಂದೆ ಕುಕ್ಕಿದಳು.

"ಅಳೋದಾದ್ರೆ ಇದ್ರ ಮುಂದೆ ಕೂತು ಅಳು. ನೋಡಿದೋರು ಹೊಗೆಗೆ ಕಣ್ಣುರಿ ಅಂದ್ಕೋತಾರೆ," ಅಂದಳು.

ಹಾಗೆ ಶುರುವಾದದ್ದು. ಆ ಬಾಣಲೆಯ ಮುಂದೆಯೇ ಲಾಸ್ತ್ರಿ ಓದಿದಳು, ಮದುವೆಯಾದಳು. ನಲವತ್ತೆರಡಕ್ಕೆ ತುಮಿರಾ ಅಜ್ಜಿಯಾದಳು. ಇನ್ನು ಸ್ವಲ್ಪ ಕಾಲು ಚಾಚಬಹುದು ಎಂದುಕೊಂಡಿದ್ದಳು ಪಾಪ.

ಹುಟ್ಟಿದ ಹೆಣ್ಣುಮಗು ಹಳದಿ. ನವಾಂಗ್ ಎಂದು ಹೆಸರಿಟ್ಟರು. ಹುಟ್ಟುಕಾಮಾಲೆ, ಎಳೆಬಿಸಿಲು ತೋರಿಸಿದರೆ ಹೋಗುತ್ತದೆ ಎಂದು ಓಣಿಯವರೆಲ್ಲ ಹೇಳಿದರು. ಹೋಗಲಿಲ್ಲ. ಲಿವರಿನಿಂದ ಪಿತ್ತ ಇಳಿದು ಬರುವ ನಾಳ ಆ ಕೂಸಿಗೆ ಹುಟ್ಟುವಾಗಲೇ ಸರಿ ಇರಲಿಲ್ಲ. ಎರಡು ತಿಂಗಳಾದಾಗ ಒಂದು ಆಪರೇಷನ್ ಮಾಡಿದರು, ಅದು ಫಲ ಕೊಡಲಿಲ್ಲ. ಒಂಬತ್ತು ತಿಂಗಳಾಗುವ ಹೊತ್ತಿಗೆ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಮೈಯೆಲ್ಲ ತುರಿಸಿ ತುರಿಸಿ ರಕ್ತ ಬರುತ್ತಿತ್ತು. ನಿದ್ದೆಯಲ್ಲೂ ಕೆರೆದುಕೊಳ್ಳುವ ಮಗುವನ್ನು ನೋಡುತ್ತ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಯಾರಾದರೂ ತಮ್ಮ ಲಿವರಿನ ಒಂದು ತುಂಡನ್ನು ಕೊಟ್ಟರೆ ಮಾತ್ರ ಮಗು ಉಳಿಯುತ್ತದೆ ಎಂದು ಜೋಗ್ಜಾದ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಲಾಸ್ತ್ರಿಯ ರಕ್ತದ ಗುಂಪು ಹೊಂದಲಿಲ್ಲ. ಅವಳ ಗಂಡನ ರಕ್ತದಲ್ಲಿ ಹಳೆಯ ಸೋಂಕು ಸಿಕ್ಕಿತು. ಉಳಿದವಳು ತುಮಿರಾ. ಆಕೆಯ ರಕ್ತ ಹೊಂದಿತು. ಆದರೆ ಸ್ಕ್ಯಾನ್ ನೋಡಿದ ಡಾಕ್ಟರ್ ಹಪ್ಸಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಲಿವರಲ್ಲಿ ಕೊಬ್ಬು ತುಂಬಿದೆಯಮ್ಮ. ನೂರಕ್ಕೆ ಇಪ್ಪತ್ತೆರಡು. ಹತ್ತರ ಒಳಗೆ ಬರದೆ ಕೊಯ್ದರೆ ನಿಮಗೂ ಅಪಾಯ, ಮಗೂಗೂ ಉಪಯೋಗ ಇಲ್ಲ."

"ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿಲ್ಲ, ಡಾಕ್ಟ್ರೇ!" ತುಮಿರಾಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು.

"ಹೆಂಡವೇ ಬೇಕಾಗಿಲ್ಲಮ್ಮ, ಬೋಂಡ ಸಾಕು." ಡಾಕ್ಟರಿಗೆ ನಗುವ ಮನಸ್ಸಿರಲಿಲ್ಲ, ಹೇಳಿಬಿಟ್ಟರಷ್ಟೆ. "ಎಲ್ಲಾ ಕೊಬ್ಬೂ ಲಿವರಿಗೆ ಒಂದೇ ಅಲ್ಲ. ನೀವು ಕರಿಯೋ ಎಣ್ಣೆ, ಸಾರಿಗೆ ಹಾಕೋ ಕಾಯಿಹಾಲು, ಇವು ಹೆಚ್ಚಾದ್ರೆ ಅಲ್ಲೇ ಗೂಡು ಕಟ್ತವೆ. ಮೇಲೆ ಸಕ್ಕರೆ ಚಹಾ ಬೇರೆ. ಕರಿದದ್ದು ಬೇಡ, ಕಾಯಿಹಾಲು ಬೇಡ, ಸಿಹಿ ಬೇಡ. ಅಡುಗೆಗೆ ಸೋಯಾ ಎಣ್ಣೆ, ದಿನಕ್ಕೆ ಎರಡೇ ಚಮಚ. ಮೀನು ಬೇಯಿಸಿ ತಿನ್ನಿ. ದಿನಾ ಒಂದೂವರೆ ತಾಸು ನಡೀರಿ. ಎಂಟು ವಾರ ನೋಡೋಣ."

"ಕಮ್ಮಿ ಆಗತ್ತಾ?"

"ಆಗತ್ತೆ. ಲಿವರಿನಷ್ಟು ಬೇಗ ತಪ್ಪು ಮರೆಯೋ ಅಂಗ ಇನ್ನೊಂದಿಲ್ಲ. ಆದ್ರೆ ಬಾಯಿ ಕಟ್ಟಬೇಕು."

ಬಾಯಿ ಕಟ್ಟಬೇಕು ಎಂದು ಹೇಳುವುದೇನೋ ಸುಲಭ. ಬಾಣಲೆಯ ಮುಂದೆ ನಿಂತು ಬಾಯಿ ಕಟ್ಟುವುದು ಹೇಗೆ ಎಂದು ಡಾಕ್ಟರಿಗೇನು ಗೊತ್ತು? ವ್ಯಾಪಾರ ಬಿಡುವಂತಿರಲಿಲ್ಲ. ಮೊದಲ ವಾರ ಪ್ರತಿ ಒಬ್ಬೆ ಎತ್ತಿದಾಗಲೂ ಕೈ ತನ್ನಷ್ಟಕ್ಕೆ ಬಾಯಿಗೆ ಹೋಗುತ್ತಿತ್ತು. ಒಮ್ಮೆ ತುಂಡು ಬಾಯೊಳಗೇ ಹೋಗಿ, ನೆನಪಾಗಿ, ಮೋರಿಗೆ ಉಗುಳಿದಳು. ಅದನ್ನು ಸೈಕಲ್ ರಿಕ್ಷಾದ ವಿರ್ಯೊ ನೋಡಿಬಿಟ್ಟ. ಸುತ್ತಲಿನವರಿಗೆಲ್ಲ ಆಕೆ 'ಯು ತುಮಿ', ಅಂದರೆ ತುಮಿಯಕ್ಕ. ಆಕೆಗಿಂತ ಇಪ್ಪತ್ತು ವರ್ಷ ಹಿರಿಯನಾದ ವಿರ್ಯೊನಿಗೂ ಅಕ್ಕನೇ.

"ಏನು ಯು ತುಮಿ, ನಿನ್ನ ಸರಕು ನಿನಗೇ ಸೇರಲ್ವಾ? ನಮ್ಮ ಹೊಟ್ಟೆ ಏನು ಕಸದ ತೊಟ್ಟಿನಾ?"

"ನಿನ್ನ ಲಿವರನ್ನ ಯಾರೂ ಕೇಳಿಲ್ವಲ್ಲ, ತಿನ್ನು ಸುಮ್ನೆ."

"ಕೇಳಿದ್ರೂ ಕೊಡಲ್ಲ. ನನ್ನ ಹೆಂಡ್ತಿ ಆಗ್ಲೇ ಅರ್ಧ ತಿಂದಾಗಿದೆ!"

ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆದರೆ ಅಂದಿನಿಂದ ಹಳೆ ಎಣ್ಣೆ ಬೆರೆಸುವುದನ್ನು ನಿಲ್ಲಿಸಿದಳು. ಯಾರೂ ಹೇಳಿರಲಿಲ್ಲ, ಯಾಕೋ ಕೈ ಏಳಲಿಲ್ಲ. ಟೆಂಪೆ ಬಿಳಿಚಿಕೊಂಡಿತು, ಗಿರಾಕಿಗಳು ಮೂಗು ಮುರಿದರು, ಸಂಜೆ ಉಳಿಯುವುದು ಹೆಚ್ಚಾಯಿತು. ವ್ಯಾಪಾರ ಮುಗಿಸಿ ಕಾಲುವೆಯ ಏರಿಯ ಮೇಲೆ ಒಂದೂವರೆ ತಾಸು ನಡೆಯುವಾಗ ಆಕೆಯ ಮೀನಖಂಡ ಕಲ್ಲಾಗುತ್ತಿತ್ತು. ಬೆಳಗಿನಿಂದ ನಿಂತ ಕಾಲು ಮತ್ತೆ ನಡೆಯಬೇಕು ಎಂದರೆ ಬೈಯದೆ ಇರುತ್ತದೆಯೇ? ಎಲ್ಲಾದರೂ ಕೂತರೆ ಅಲ್ಲೇ ನಿದ್ದೆ. ಆಯಾಸ ಎನ್ನುವುದು ಆಕೆಗೆ ಮೈಮೇಲಿನ ಚರ್ಮದಂತಾಗಿತ್ತು, ಕಳಚಿಡಲು ಬರುತ್ತಿರಲಿಲ್ಲ.

ಇದೆಲ್ಲ ಸರಿಯಾಗಿಯೇ ಇತ್ತು. ತಪ್ಪಾದದ್ದು ಹಾಲಿನ ಡಬ್ಬದಿಂದ.

ನವಾಂಗ್‌ಗೆ ಆಸ್ಪತ್ರೆಯಿಂದ ಒಂದು ಬೇರೆ ಥರದ ಹಾಲಿನ ಪುಡಿ ಕೊಡುತ್ತಿದ್ದರು. ಮೊದಲ ಸ್ಕ್ಯಾನ್ ಆದ ದಿನವೇ ಡಬ್ಬ ಕೊಡುತ್ತ ನರ್ಸಮ್ಮ ಹೇಳಿದ್ದಳು: "ಬೇರೆ ಹಾಲಿನ ಜಿಡ್ಡು ಈ ಮಗೂಗೆ ಅರಗಲ್ಲ, ಪಿತ್ತವೇ ಬರಲ್ವಲ್ಲ. ಇದರಲ್ಲಿರೋ ಕೊಬ್ಬು ತೆಂಗಿನೆಣ್ಣೆಯಿಂದ ತೆಗೆದಿದ್ದು. ಇವಳ ಮೈಗೆ ಹತ್ತೋದು ಇದೊಂದೇ."

ಮನೆಗೆ ಬಂದು ತುಮಿರಾ ಇದನ್ನು ಅತ್ತೆಗೆ ಹೇಳಿದಳು. ಸಮಿಂತೆನ್‌ಗೆ ಎಪ್ಪತ್ತಮೂರು. ಗಿಡ್ಡ ದೇಹ, ಉದ್ದ ನಾಲಿಗೆ. ಮಗ ಬಿದ್ದ ಮರವನ್ನು ಕಡಿಸದೆ, ಅದರ ಕಾಯಿಯನ್ನೂ ಆರಿಸಿ, ತುರಿದು, ಹಾಲು ಹಿಂಡಿ, ತಾಸುಗಟ್ಟಲೆ ಕಾಯಿಸಿ ಎಣ್ಣೆ ತೆಗೆಯುವ ಮುದುಕಿ. ಪ್ಯಾಕೆಟ್ಟಿನ ತಾಳೆ ಎಣ್ಣೆ ಬಂದ ಮೇಲೆ ಓಣಿಯಲ್ಲಿ ಯಾರೂ ಆ ಎಣ್ಣೆ ಕೇಳುತ್ತಿರಲಿಲ್ಲ. ಆದರೂ ಕಾಯಿಸುತ್ತಿದ್ದಳು.

"ನಾನು ಬಡ್ಕೊಂಡೆ, ಯಾರಾದ್ರೂ ಕೇಳಿದ್ರಾ? ಡಾಕ್ಟ್ರೇ ತೆಂಗಿನೆಣ್ಣೆ ಕೊಡ್ತಿದಾರೆ ಅಂದ್ಮೇಲೆ! ಮಗೂ ಲಿವರಿಗೆ ಒಳ್ಳೇದು ನಿನ್ನ ಲಿವರಿಗೆ ಕೆಟ್ಟದ್ದಾಗತ್ತಾ? ಅಂಗಡಿ ಎಣ್ಣೆಯಿಂದ ಕೂತ ಕೊಬ್ಬನ್ನ ಮನೆ ಎಣ್ಣೆ ಕರಗಿಸತ್ತೆ."

ಮರುದಿನ ಬೆಳಿಗ್ಗೆ ಹಳೆಯ ಶರಬತ್ತಿನ ಸೀಸೆಯೊಂದು ತುಮಿರಾಳ ಮುಂದೆ ಬಂತು. ಅರಿಸಿನ ಹಾಕಿ ಕಾಯಿಸಿದ ಎಣ್ಣೆ. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ. ಗಂಟಲಲ್ಲಿ ಇಳಿಯುವಾಗ ವಾಕರಿಕೆ ಬರುತ್ತಿತ್ತು. ಕಣ್ಣು ಮುಚ್ಚಿ ನುಂಗುತ್ತಿದ್ದಳು. ವಾಕರಿಕೆ ಬಂದಷ್ಟೂ ಔಷಧಿ ಗಟ್ಟಿ ಎಂದು ಆಕೆಯ ನಂಬಿಕೆ, ನಮ್ಮಲ್ಲಿ ಎಲ್ಲರದೂ ಅದೇ ನಂಬಿಕೆ. ಮುದುಕಿ ಎದುರು ಕೂತು, ಚಮಚ ಖಾಲಿಯಾಗುವವರೆಗೆ ನೋಡಿ, ತನ್ನ ಬಾಯಿ ಒರೆಸಿಕೊಂಡು ಏಳುತ್ತಿದ್ದಳು. ಅತ್ತೆ ಸೊಸೆಯ ನಡುವೆ ಅಷ್ಟು ವರ್ಷಗಳಲ್ಲಿ ಇಲ್ಲದಿದ್ದ ಒಂದು ಸಲಿಗೆ ಆ ಎಂಟು ವಾರಗಳಲ್ಲಿ ಬೆಳೆಯಿತು.

ಎಂಟು ವಾರಕ್ಕೆ ತೂಕ ಆರು ಕಿಲೋ ಇಳಿದಿತ್ತು. ಕುಪ್ಪಸ ಸಡಿಲವಾಗಿತ್ತು. ಗೆದ್ದೆ ಎಂದುಕೊಂಡೇ ತುಮಿರಾ ಸ್ಕ್ಯಾನಿಗೆ ಮಲಗಿದಳು. ಹದಿನೈದು ಬಂತು.

ಡಾಕ್ಟರ್ ಹಪ್ಸಾರಿ ಕಾಗದವನ್ನು ಎರಡು ಸಲ ನೋಡಿದರು. "ಇಷ್ಟು ತೂಕ ಇಳಿದ ಮೇಲೆ ಇನ್ನೂ ಕಮ್ಮಿ ಇರ್ಬೇಕಿತ್ತು. ಏನೇನು ತಿಂತೀರಿ, ಬಿಡದೆ ಹೇಳಿ."

ತುಮಿರಾ ಹೇಳಿದಳು. ಬೇಯಿಸಿದ ಮರಗೆಣಸಿನ ಎಲೆ, ಹಬೆಯಲ್ಲಿ ಬೆಂದ ಮೀನು, ಅರ್ಧ ತಟ್ಟೆ ಅನ್ನ, ಸಕ್ಕರೆಯಿಲ್ಲದ ಚಹಾ, ಸೋಯಾ ಎಣ್ಣೆ ಎರಡೇ ಚಮಚ. ಒಂದು ಸುಳ್ಳೂ ಇರಲಿಲ್ಲ. ಔಷಧಿಯನ್ನು ಯಾರಾದರೂ ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ?

"ನಾಟಿ ಔಷಧಿ ಏನಾದ್ರೂ?"

"ಹೂಂ, ಅದನ್ನ ಒಂದು ದಿನಾನೂ ತಪ್ಪಿಸಿಲ್ಲ." ತುಮಿರಾ ಹೆಮ್ಮೆಯಿಂದಲೇ ಹೇಳಿದಳು. "ನಮ್ಮತ್ತೆ ಕೈಯಾರೆ ತೆಗೆದ ತೆಂಗಿನೆಣ್ಣೆ. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಮಗೂಗೆ ಕೊಡೋದು ಆ ಎಣ್ಣೆಯಿಂದ ಸೋಸಿ ತೆಗೆದ ಒಂದು ಭಾಗ ಅಷ್ಟೆ. ಪಿತ್ತ ಇಲ್ಲದೇನೂ ಅದು ರಕ್ತಕ್ಕೆ ಸೇರತ್ತೆ, ಅದಕ್ಕೇ ಅವಳಿಗೆ ಅದು. ಮಿಕ್ಕಿದ್ದೆಲ್ಲಾ ಗಟ್ಟಿ ಕೊಬ್ಬು. ನಿಮ್ಮಂಥ ಲಿವರಿಗೆ ದಿನಕ್ಕೆ ನಾಲ್ಕು ಚಮಚ ಅಂದ್ರೆ… ನೀವು ಒಂದು ಕೈಯಲ್ಲಿ ತೆಗೀತಾ ಇದ್ರಿ, ಇನ್ನೊಂದು ಕೈಯಲ್ಲಿ ತುಂಬ್ತಾ ಇದ್ರಿ."

"ಇನ್ನೆಷ್ಟು ದಿನ?"

"ನಿಮಗೆ ನಾಲ್ಕು ವಾರ ಕೊಡ್ತೀನಿ. ಮಗೂಗೆ ಅದಕ್ಕಿಂತ ಹೆಚ್ಚು ಕಾಯೋಕೆ ಶಕ್ತಿ ಇಲ್ಲ."

ಬಸ್ಸಿನಲ್ಲಿ ಬರುವಾಗ, ಅತ್ತೆಗೆ ಹೇಳುವುದು ಬೇಡ ಎಂದು ತುಮಿರಾ ನಿರ್ಧರಿಸಿದಳು. ಸೀಸೆ ಇಸಿದುಕೊಂಡು ಹಿತ್ತಲಲ್ಲಿ ಚೆಲ್ಲಿದರಾಯಿತು. ಆದರೆ ಜೊತೆಗಿದ್ದ ಲಾಸ್ತ್ರಿ ಬಾಯಿ ಕಟ್ಟಲಾರಳು. ಹೊಸ್ತಿಲು ದಾಟುವಾಗಲೇ ಅವಳಿಗೆ ಕಂಡದ್ದು, ಅಜ್ಜಿ ಚಮಚದ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದ ಹೊಸ ಸೀಸೆ.

"ಸಾಕು ಮಾಡು ಅಜ್ಜಿ ನಿನ್ನ ವೈದ್ಯ! ಎಂಟು ವಾರ! ಎಂಟು ವಾರ ಅಮ್ಮನ ಹೊಟ್ಟೆಗೆ ಕೊಬ್ಬು ಸುರಿದೆಯಲ್ಲ, ನನ್ನ ಕೂಸಿನ ಜೀವದ ಮೇಲೆ ಸುರಿದಂಗಾಯ್ತು!"

"ಲಾಸ್ತ್ರಿ, ಬಾಯಿ ಮುಚ್ಚು," ಎಂದಳು ತುಮಿರಾ. ತಡವಾಗಿತ್ತು.

ಉದ್ದ ನಾಲಿಗೆಯ ಸಮಿಂತೆನ್ ಚಮಚ ಎತ್ತಿಕೊಂಡಳು. ಸೀಸೆಗೆ ಬಿರಡೆ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು, ಹಿತ್ತಲಿನ ತನ್ನ ಕೋಣೆಗೆ ಹೋದಳು. ಮರುದಿನ ಅವಳ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ. ಬಿದ್ದ ತೆಂಗಿನಕಾಯಿಗಳು ಅಂಗಳದಲ್ಲೇ ಬಿದ್ದಿದ್ದವು.

ಮುದುಕಿ ಊಟವನ್ನೂ ಕಡಿಮೆ ಮಾಡಿದಳು. ಟೆಂಪೆ ಕೊಟ್ಟರೆ "ಹಲ್ಲು ನೋವು" ಎನ್ನುತ್ತಿದ್ದಳು. ಬೆಲ್ಲ ಕಚ್ಚದೆ ಚಹಾ ಕುಡಿಯದವಳು ಈಗ ಬರೀ ಬಿಸಿನೀರು ಕುಡಿಯುತ್ತಿದ್ದಳು. ತುಮಿರಾ ಬೇಯಿಸಿಕೊಂಡ ಸಪ್ಪೆ ಸೊಪ್ಪಿನಲ್ಲೇ ಒಂದು ಹಿಡಿ ಬಡಿಸಿಕೊಂಡು ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ಸಂಜೆ ತುಮಿರಾ ಕಾಲುವೆಯ ಏರಿ ಹತ್ತಿದರೆ ಹಿಂದೆ ನೂರು ಮಾರು ದೂರದಲ್ಲಿ ಕೋಲೂರಿಕೊಂಡು ಒಂದು ಗಿಡ್ಡ ಆಕೃತಿ ಬರುತ್ತಿತ್ತು. ನಿಂತು ಕಾದರೆ ಅದೂ ನಿಲ್ಲುತ್ತಿತ್ತು.

"ಅತ್ತೆ, ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಹೀಗೆ ಒಣಗಬೇಡಿ," ಎಂದು ಒಮ್ಮೆ ಕೂಗಿ ಹೇಳಿದಳು.

"ನಿನ್ನ ಪಾಡಿಗೆ ನೀನು ನಡಿ. ಏರಿ ಏನು ನಿಮ್ಮಪ್ಪಂದಾ?"

ತನ್ನನ್ನು ತಾನೇ ದಂಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ತುಮಿರಾ. ಸಮಾಧಾನ ಮಾಡಬೇಕಿತ್ತು, ಮಾಡುವ ತ್ರಾಣ ಇರಲಿಲ್ಲ. ಬಾಣಲೆ, ನಡಿಗೆ, ಮಗುವಿನ ತುರಿಕೆ, ಇಷ್ಟಕ್ಕೇ ದಿನ ಮುಗಿಯುತ್ತಿತ್ತು. ಮುದುಕಿಯ ದುಃಖಕ್ಕೆ ಆ ದಿನಗಳಲ್ಲಿ ಜಾಗ ಉಳಿಯಲಿಲ್ಲ. ಒಂದೇ ಒಂದು ಒಳ್ಳೆಯದಾಯಿತು. ಉಳಿದಿದ್ದ ಆ ಸೀಸೆಯ ಎಣ್ಣೆಯನ್ನು ಸಮಿಂತೆನ್ ಡಾಕ್ಟರನ್ನು ಫೋನಿನಲ್ಲಿ ಕೇಳಿಯೇ ನವಾಂಗ್‌ಳ ಮೈಗೆ ಹಚ್ಚತೊಡಗಿದಳು. ಒಣಗಿ ಬಿರಿದ ಚರ್ಮ ಮೆತ್ತಗಾಗಿ ಮಗು ಸ್ವಲ್ಪ ಕಡಿಮೆ ಕೆರೆದುಕೊಂಡಿತು. ಲಾಸ್ತ್ರಿ ಅದನ್ನು ನೋಡಿ ಅಜ್ಜಿಯ ಪಕ್ಕ ಹೋಗಿ ಕೂತಳು.

ನಾಲ್ಕನೆಯ ವಾರದ ಕೊನೆಗೆ ತುಮಿರಾ ಆಸ್ಪತ್ರೆಗೆ ಹೊರಟಾಗ ಸಮಿಂತೆನ್ ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದಳು. ಮದುವೆ ಮುಂಜಿಗೆ ಉಡುವ ಕುಪ್ಪಸ, ಬಿಗಿಯಾಗಿ ಕಟ್ಟಿದ ತುರುಬು.

"ನೀವೆಲ್ಲಿಗೆ?"

"ಬಸ್ಸಿಗೆ."

ಸ್ಕ್ಯಾನ್ ಮುಗಿಸಿ ಇಬ್ಬರೂ ಡಾಕ್ಟರರ ಕೋಣೆಯ ಹೊರಗೆ ಕೂತರು. ತುಮಿರಾಳ ಹೆಸರು ಕೂಗಿದಾಗ ಮುದುಕಿಯೂ ಎದ್ದಳು, ಸೊಸೆಗಿಂತ ಮೊದಲೇ ಒಳಗೆ ಹೋದಳು. ಡಾಕ್ಟರ್ ಕಾಗದ ತೆರೆಯುವ ಮೊದಲೇ ಕರವಸ್ತ್ರದ ಗಂಟು ಬಿಚ್ಚಿ, ತನ್ನ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಅವಳದು ಆಗ್ಲಿಲ್ಲ ಅಂದ್ರೆ ನಂದು ನೋಡಿ, ತಾಯಿ. ನಾಲ್ಕು ವಾರದಿಂದ ಒಂದು ಹನಿ ಎಣ್ಣೆ ಮುಟ್ಟಿಲ್ಲ, ಒಂದು ಚೂರು ಬೆಲ್ಲ ತಿಂದಿಲ್ಲ. ಅವಳು ನಡೆದಷ್ಟೂ ನಡೆದಿದೀನಿ, ಬೇಕಾದ್ರೆ ಅವಳನ್ನೇ ಕೇಳಿ. ನನ್ನ ಕೈಯಿಂದಾದ ತಪ್ಪು. ನನ್ನ ಹೊಟ್ಟೇಲಿರೋದನ್ನೇ ತಗೊಳ್ಳಿ."

ತುಮಿರಾ ಅತ್ತೆಯ ಕಡೆಗೆ ಕುರ್ಚಿ ಸರಿಸಿದಳು. ಡಾಕ್ಟರ್ ಹಪ್ಸಾರಿ ಚೀಟಿಯಲ್ಲಿದ್ದ ಹುಟ್ಟಿದ ವರ್ಷ ನೋಡಿದರು. ಎಪ್ಪತ್ತಮೂರು ವರ್ಷದವರದನ್ನು ಯಾರೂ ತೆಗೆಯುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವೇನೋ. ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಮುದುಕಿಗೆ ಹಿಂದಿರುಗಿಸಿ, ಕಾಗದ ತೆರೆದರು.

"ಒಂಬತ್ತು," ಅಂದರು. "ಒಂಬತ್ತಕ್ಕೆ ಬಂದಿದೆ. ಮುಂದಿನ ಸೋಮವಾರ ಇಬ್ಬರನ್ನೂ ಸೇರಿಸ್ಕೊಳ್ತೀವಿ, ನಿಮ್ಮನ್ನೂ ನಿಮ್ಮ ಮೊಮ್ಮಗಳನ್ನೂ."

ತುಮಿರಾಳಿಗೆ ಸಂತೋಷ ಬರಲಿಲ್ಲ. ಎಲ್ಲಾದರೂ ಮಲಗಬೇಕು ಅನ್ನಿಸಿತು, ಅಷ್ಟೇ.

ಹೊರಗೆ ಬಸ್ ಸ್ಟ್ಯಾಂಡಿನ ಪಕ್ಕ ಒಬ್ಬ ಟೆಂಪೆ ಕರಿಯುತ್ತಿದ್ದ. ಮೂರು ದಿನದ ಎಣ್ಣೆ ಎಂದು ತುಮಿರಾಳ ಮೂಗಿಗೆ ದೂರದಿಂದಲೇ ಗೊತ್ತಾಯಿತು. ಆದರೂ ಹೋಗಿ ಒಂದನ್ನು ಬಾಳೆಎಲೆಯಲ್ಲಿ ಕಟ್ಟಿಸಿ, ಮೇಲೆ ಎರಡು ಹಸಿಮೆಣಸು ಇಡಿಸಿ ತಂದಳು. ಎಲುಬು ಎದ್ದು ಕಾಣುವ ಅತ್ತೆಯ ಅಂಗೈಯಲ್ಲಿಟ್ಟಳು.

"ತಿನ್ನಿ ಅತ್ತೆ. ಇನ್ನು ನಿಮ್ಮ ಲಿವರ್ ಬೇಡವಂತೆ."

ಸಮಿಂತೆನ್ ಎಲೆ ಬಿಚ್ಚಿದಳು. ಬಗ್ಗಿ, ಕಣ್ಣು ಮುಚ್ಚಿ, ಒಮ್ಮೆ ಆಳವಾಗಿ ಮೂಸಿದಳು. ಬಾಯಲ್ಲಿ ನೀರು ಬಂದದ್ದು ಗಂಟಲಿನ ಮೇಲೆ ಕಾಣುತ್ತಿತ್ತು. ಆಮೇಲೆ ಎಲೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ಸೊಸೆಯ ಕೈಗೆ ವಾಪಸ್ ಕೊಟ್ಟಳು.

"ಈಗ ಬೇಡ," ಎಂದಳು. "ಕೊಯ್ದು, ಹೊಲಿದು, ನೀವಿಬ್ಬರೂ ಕಣ್ಣು ಬಿಡ್ಲಿ. ಅಲ್ಲೀವರೆಗೂ ನಂದು ಹೀಗೇ ಇರ್ಲಿ. ಒಂದು ವೇಳೆ ಕಮ್ಮಿ ಬಿದ್ರೆ?"